ಕಟ್ಟು ಬಿಚ್ಚುವ ಮರುಳಯ್ಯನವರು

ನರಗುಂದದ ಬಂಡಾಯಕ್ಕಿಂತ ಮೊದಲಿನ ಮಾತು. ಸೂಡಿಯ ಮರುಳಯ್ಯನವರು ಬಂದರೆಂದರೆ ನಮ್ಮ ಬೆಳವಣಕಿಯ ಹಿರಿಯರಿಗೆ ದಿಗಿಲು, ಯಾಕೆಂದರೆ ಅವರು ನೀರು ಕುಡಿಯುವ ಮೊದಲೇ ದೇವರ ಜಗಲಿಯತ್ತ ಕೈ ಚಾಚಿ, "ಕಟ್ಟು ಬಿಚ್ಚರಿ" ಅನ್ನುತ್ತಿದ್ದರು. ಆಗ ಕನ್ನಡ ಪುರಾಣವೆಂದರೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ತಾಳೆಗರಿಯ ಕಟ್ಟು. ಅದಕ್ಕೆ ವಿಭೂತಿ ಹಚ್ಚುವವರಿದ್ದರು, ಓದುವವರಿರಲಿಲ್ಲ. ಸಾಲೆಯಲ್ಲಿ ಮರಾಠಿ, ಕಚೇರಿಯಲ್ಲಿ ಅದರದೇ ಮೋಡಿ ಲಿಪಿ. "ಪೂಜಿ ಮಾಡಿದ್ರ ಹುಳ ತಿನ್ನೂದು ಬಿಡತೈತೇನು?" ಎಂದು ಬೈಯುತ್ತ, ಹಸುಗೂಸಿಗೆ ಸವರಿದಂತೆ ಗರಿಗೆ ಎಣ್ಣೆ ಸವರಿ, ಊರೇ ಎದ್ದು ಬರುವ ದನಿಯಲ್ಲಿ ಓದುವರು, ಕಟ್ಟಿದ ಎಮ್ಮೆಯೂ ಮೆಲುಕು ನಿಲ್ಲಿಸಿ ಕೇಳುತ್ತಿತ್ತು. ಹುಳ ತಿಂದ ಸಾಲನ್ನು ನೆನಪಿನಿಂದ ಹೊಸ ಗರಿಯ ಮೇಲೆ ಕೊರೆದ ನಂತರವೇ ಅವರ ಊಟ. ನಾನು ಸೊಸೆಯಾಗಿ ಬಂದ ವರ್ಷ ಅವರು ಕೊರೆಯುವ ಕಬ್ಬಿಣದ ಕಂಟವನ್ನು ಹಿಡಿದು ಗರಿಯ ಮೇಲೆ ಸಾಲು ಸಿಗದೆ ತಡಕಾಡಿದರು. ಕಣ್ಣಿಗೆ ಪೊರೆ ಬಂದಿತ್ತು. "ಅಂದಾನಪ್ಪಾ, ನಿನ್ನ ಮಗ ಸಾಲಿ ಕಲತಾನಲ್ಲ, ಕರಿ ಅವನ್ನ" ಅಂದರು. "ಅವಗ ಮೋಡಿ ಅಷ್ಟ ಬರತೈತ್ರೀ ಅಯ್ಯಾರ" ಎಂದರು ನಮ್ಮ ಮಾವ. ಅಯ್ಯನವರು ಬಾಗಿಲ ಹಿಂದೆ ನಿಂತಿದ್ದ ನನ್ನ ಬಳೆಯ ಸಪ್ಪಳಕ್ಕೆ ತಿರುಗಿದರು. "ನಿನಗೇನು ಬರತೈತಿ, ತಂಗಿ?" "ರಂಗೋಲಿ ಹಾಕಾಕ ಬರತೈತ್ರಿ." "ಸಾಕು, ಬಾ. ಅಕ್ಷರ ಅದರಕಿಂತ ಸಣ್ಣ ಕೆಲಸ." ನನಗೆ ಕಲಿಸುವುದಕ್ಕೆಂದೇ ಆ ಮಳೆಗಾಲವೆಲ್ಲ ಅವರು ನಮ್ಮಲ್ಲಿ ಉಳಿದರು. ಈಗಲೂ ಕಟ್ಟು ಬಿಚ್ಚಿದರೆ ಅವರ ಮುತ್ತಿನಂಥ ಸಾಲುಗಳ ನಡುವೆ ನನ್ನ ಸೊಟ್ಟ ಅಕ್ಷರಗಳು ಕಾಣುತ್ತವೆ. ಸೊಟ್ಟಗಿದ್ದರೂ ಓದಲು ಬರುತ್ತವೆ.