ಟಾಮ್ ಸಾಹೇಬರ ಬಾವಿಗಳನ್ನು ಹುಡುಕುತ್ತ

ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿದಾಗ ಬೆಳಗಿನ ಬಿಸಿಲೇ ಚುರುಗುಟ್ಟುತ್ತಿತ್ತು. ನನ್ನ ಆಧಾರ್ ಕಾರ್ಡು ನೋಡಿ ಉಚಿತ ಟಿಕೆಟ್ ಕೊಟ್ಟ ಕಂಡಕ್ಟರ್, ಪಕ್ಕದಲ್ಲಿದ್ದ ಹೆಲೆನ್ ಅವರತ್ತ ತಿರುಗಿ, "ಇವ್ರಿಗೆ ಫ್ರೀ ಇಲ್ರಿ ಮೇಡಂ, ಪೂರಾ ಟಿಕೆಟ್" ಎಂದು ನಕ್ಕರು. ಎಪ್ಪತ್ತರ ಹೆಲೆನ್ ಮೆಲ್ಬರ್ನ್‌ನವರು. ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಅವರಿಗೆ ದುಭಾಷಿಯಾಗಿ ಹೊರಟಿದ್ದೆ.

ಬಂದ ಕಾರಣವನ್ನು ಅವರು ದಾರಿಯಲ್ಲಿ ಹೇಳಿದರು. ತಂದೆ ಟಾಮ್ ಐವತ್ತರ ದಶಕದಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುತ್ತಿದ್ದವರು. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಬೆನ್ನ ಮೇಲೆ ಜಿಗಿದು ಗಾಳಿಯಲ್ಲೇ ಹಿಡಿಯುವ ಒರಟು ಆಟ ಅದು. ಆ ಹಿಡಿತಕ್ಕೇ ಅವರು ಹೆಸರಾಗಿದ್ದರಂತೆ. ಆದರೆ ಒಂದು ಫೈನಲ್‌ನ ಕೊನೆಯಲ್ಲಿ ಹತ್ತಿರಕ್ಕೇ ಬಂದ ಚೆಂಡಿಗೆ ಕೈಯೆತ್ತಲಿಲ್ಲ. ತಂಡ ಸೋತಿತು. ಎದುರಾಳಿಗೆ ಹೆದರಿದ ಎಂದು ಊರೆಲ್ಲ ಉಗಿಯಿತು. ಮತ್ತೆ ಅವರು ಆಡಲಿಲ್ಲ. ಕೆಲವು ವರ್ಷಗಳ ನಂತರ ಬಾವಿ ತೋಡಿಸುವ ಸೇವಾ ತಂಡವೊಂದರ ಜೊತೆ ಈ ಸೀಮೆಗೆ ಬಂದು ಎರಡು ಬೇಸಿಗೆ ಕಳೆದರು. ಆ ಬಾವಿಗಳನ್ನೂ ತಂದೆಯನ್ನು ಕಂಡವರನ್ನೂ ಹುಡುಕಿ ಹೆಲೆನ್ ಬಂದಿದ್ದರು.

"ಶಾಲೆಯಲ್ಲಿ ನನ್ನನ್ನು ಪುಕ್ಕಲನ ಮಗಳು ಅನ್ನುತ್ತಿದ್ದರು" ಎಂದು ಹೆಲೆನ್ ಕಿಟಕಿಯತ್ತ ಮುಖ ಮಾಡಿದರು.

ಮಟಕಿಯಲ್ಲಿ ಬಾವಿ ಸಿಕ್ಕಿತು, ತೋಡಿಸಿದವರನ್ನು ಬಲ್ಲವರು ಸಿಗಲಿಲ್ಲ. ಮರುದಿನ ಅಫಜಲಪುರ ದಾಟಿ ಕರಜಗಿಗೆ ಹೋದೆವು. ಅಲ್ಲಿನ ಬಾವಿ ಮುಚ್ಚಿ ಹೋಗಿ, ಮೇಲೆ ಕಬ್ಬು ಬೆಳೆದಿತ್ತು. ಚಹಾದ ಅಂಗಡಿಯಲ್ಲಿ ಕೂತಿದ್ದ ಮುದುಕರೊಬ್ಬರು ಮಾತ್ರ, "ಎತ್ತರಾನ ಸಾಹೇಬ್ರೇನ್ರಿ? ಅವರಿಗೆ ಅಡಗಿ ಮಾಡ್ತಿದ್ದ ಗಂಗಮ್ಮ ಇಜೇರ್ಯಾಗ ಅದಾಳ್ರಿ" ಎಂದರು.

ಮೂರನೆಯ ದಿನ ಜೇವರ್ಗಿಯಲ್ಲಿ ಇಳಿದು ಆಟೊದಲ್ಲಿ ಇಜೇರಿ ಸೇರಿದೆವು. ಎಂಬತ್ತು ದಾಟಿದ ಗಂಗಮ್ಮ ಹೆಲೆನ್ ಅವರ ಗದ್ದ ಹಿಡಿದು ನೋಡಿ, "ಅಪ್ಪನ ಮೂಗೇ ಬಂದದ" ಎಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ನೀರಿನ ತಂಬಿಗೆ ಇಡುತ್ತ, "ಇವರ ಅಪ್ಪಗ ಬಲಕ್ಕೇ ಇಡಬೇಕಿತ್ರಿ. ಎಡಕ್ಕಿಟ್ರ ಒದ್ದು ಚೆಲ್ಲತಿದ್ರು. ಆ ಕಣ್ಣು ಕಾಣತಿದ್ದಿಲ್ಲಲ್ಲ" ಎಂದರು.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. "ಯಾವ ಕಣ್ಣು, ಅವ್ವಾ?"

"ಎಡಗಣ್ಣು. ಮಗಳಿಗೇ ಗೊತ್ತಿಲ್ಲೇನ್ರಿ? ಹೊರಗಿಂದ ಚಂದನೇ ಇತ್ತು. ಒಂದಿನ ಬಾಜೂಕ ನಿಂತ್ರೂ ನೋಡಲಿಲ್ಲ ಅಂತ ಕೇಳಿದ್ರ, ಕಣ್ಣ ಮ್ಯಾಲ ಕೈ ಇಟ್ಟು, ತಮ್ಮ ಅರೆಬರೆ ಕನ್ನಡದಾಗ, 'ಆಟದಾಗ ಮೊಣಕೈ ಬಡೀತು, ಖತಂ' ಅಂದ್ರು. ಹೇಳಿದ್ರ ಆಡಾಕ ಬಿಡಲ್ಲಂತ ಮುಚ್ಚಿಟ್ಟಿದ್ರಂತ."

ಕನ್ನಡವೂ ಇಂಗ್ಲಿಷೂ ನನ್ನ ನಾಲಿಗೆಯಲ್ಲಿ ಒಂದಕ್ಕೊಂದು ತೊಡರಿದವು. ಹೇಗೋ ಹೇಳಿ ಮುಗಿಸಿದೆ. ಹೆಲೆನ್ ಅವರ ಕೈಯ ರೊಟ್ಟಿ ತಟ್ಟೆಗೆ ಬಿತ್ತು.

"ದಿನಾ ನಮ್ಮನ್ನು ಕಾರಿನಲ್ಲಿ ಶಾಲೆಗೆ ಬಿಡುತ್ತಿದ್ದರು, ನಮಗೆ ಗೊತ್ತೇ ಆಗಲಿಲ್ಲ" ಎಂದರು. ಆಮೇಲೆ ಬಹಳ ಮೆಲ್ಲಗೆ, "ಆ ಚೆಂಡು ಎಡಗಡೆಯಿಂದ ಬಂದಿತ್ತು. ಮನೆಯವರಿಗಾದರೂ ಯಾಕೆ ಹೇಳಲಿಲ್ಲ, ಕೇಳಿ."

"ನಾನೂ ಕೇಳೀನ್ರಿ" ಎಂದರು ಗಂಗಮ್ಮ. "'ಕುರುಡಗಣ್ಣು ಮುಚ್ಚಿಟ್ಟು ಆಡಿ ಗೆಳೆಯಾರನ್ನ ಸೋಲಿಸೀನಿ. ಅದು ಗೊತ್ತಾಗೋದಕ್ಕಿಂತ ಹೆದರಿದ ಅಂದ್ರ ಅನ್ನಲಿ' ಅಂದ್ರು. ಆವತ್ತು ಊಟನೂ ಮಾಡಲಿಲ್ಲ."

ಜೇವರ್ಗಿಯ ಬಸ್ ನಿಲ್ದಾಣಕ್ಕೆ ಮರಳಿದ ಕೂಡಲೇ ಹೆಲೆನ್ ಅಣ್ಣನಿಗೆ ಫೋನ್ ಮಾಡಿದರು. ಅವರು ಹದಿನೇಳನೆಯ ವಯಸ್ಸಿಗೇ ಮನೆ ಬಿಟ್ಟು ಹೋಗಿದ್ದರಂತೆ, ತಂದೆಯ ಮಣ್ಣಿಗೂ ಬಂದಿರಲಿಲ್ಲ. ಫೋನು ಕೆಳಗಿಟ್ಟು ಹೆಲೆನ್ ನನ್ನತ್ತ ತಿರುಗಿದರು.

"ಮನೆ ಬಿಟ್ಟ ದಿನ ಅಣ್ಣ ಅಪ್ಪನ ಕೆನ್ನೆಗೆ ಹೊಡೆದಿದ್ದನಂತೆ. ಅಪ್ಪ ತಪ್ಪಿಸಿಕೊಳ್ಳದೆ ನಿಂತದ್ದನ್ನು ಕಂಡು, ಇವನಿಗೆ ಕೈಯೆತ್ತುವ ಧೈರ್ಯವೂ ಇಲ್ಲ ಅಂದುಕೊಂಡನಂತೆ. ಅದು ಯಾವ ಕೆನ್ನೆ ಎಂದು ಈಗ ನೆನಪಿಸಿಕೊಂಡ."

ಕಲಬುರಗಿಯ ಬಸ್ಸು ಹತ್ತಿದೆವು. ಭೀಮಾ ಸೇತುವೆ ದಾಟುವಾಗ ಹೆಲೆನ್ ನನ್ನ ಕೈ ಹಿಡಿದು, "ಅಪ್ಪನ ಸಮಾಧಿ ಎಲ್ಲಿದೆ ಅಂತ ಅಣ್ಣ ಕೇಳಿದ" ಎಂದರು.