ಸಾಹೇಬನ ವ್ಯಾನಿಗೆ ಕಟ್ಟಿದ ಕಾರು

ಎಂಬತ್ತರ ದಶಕದಲ್ಲಿ ನಾನು ಅರಬರ ಪುಟ್ಟ ದ್ವೀಪದೇಶವೊಂದರ ರಾಜಧಾನಿ ಮನಾಮದ ಗ್ಯಾರೇಜೊಂದರಲ್ಲಿ ವೆಲ್ಡರ್ ಆಗಿದ್ದೆ. ಒಬ್ಬ ಇಂಗ್ಲಿಷ್ ಸಾಹೇಬ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಮನೆಯಂಥ ವ್ಯಾನ್ ತಂದು, ಅದರ ಹಿಂದೆ ತನ್ನ ಸಣ್ಣ ಕಾರನ್ನು ಎಳೆದುಕೊಂಡು ಹೋಗುವ ಹಾಗೆ ಮಾಡಿಕೊಡು ಅಂದ. ಅದಕ್ಕೆ ಕಬ್ಬಿಣದ ದಂಡ, ಸರಪಳಿ, ಬೇರೆ ಲೈಟು, ಬೇರೆ ಬ್ರೇಕು. ಎಲ್ಲವೂ ಲಂಡನ್ನಿನಿಂದಲೇ ಬರಬೇಕು, ಸರ್ಟಿಫಿಕೇಟ್ ಸಮೇತ. ಆ ಕಾರನ್ನೇ ಮಾರಿದರೂ ಅಷ್ಟು ದಿನಾರ್ ಹುಟ್ಟುತ್ತಿರಲಿಲ್ಲ.

“ಮೇಡಂ ಕಾರು ಓಡಿಸಿಕೊಂಡು ಹಿಂದೆ ಬರಬಹುದಲ್ಲ ಸರ್? ಈ ದ್ವೀಪದ ತುದಿಗೆ ಒಂದು ಗಂಟೆಯ ದಾರಿ,” ಅಂದೆ.

“ಅವಳು ನನ್ನ ಪಕ್ಕ ಕೂತು ಟೀ ಕುಡಿಯಬೇಕು,” ಅಂದ.

ಸರಿ, ಕಟ್ಟಿಕೊಟ್ಟೆ. ಮುಂದಿನ ಶುಕ್ರವಾರ ಅದೇ ಸಣ್ಣ ಕಾರಿನಲ್ಲಿ ಬೆವರು ಸುರಿಸಿಕೊಂಡು ಗ್ಯಾರೇಜಿನ ಹಿಂದಿನ ನಮ್ಮ ರೂಮಿಗೆ ಬಂದ. ಲಂಡನ್ನಿನ ದಂಡ, ಸರಪಳಿ ಸಮೇತ ವ್ಯಾನು ಸಮುದ್ರದ ಬದಿ ಮರಳಿನಲ್ಲಿ ಹೂತಿತ್ತು. ರೂಮಿನ ಆರು ಮಂದಿ ಹೋದೆವು. ಎಲ್ಲರೂ ಊರಲ್ಲಿ ಮರಳ ಮೇಲೆ ದೋಣಿ ಎಳೆದು ಬೆಳೆದವರೇ. ಮೀನುಗಾರರು ಬಿಸಾಡಿದ ಹಗ್ಗವನ್ನು ನಾನು ವ್ಯಾನಿಗೆ ಬಿಗಿಯುತ್ತಿದ್ದಾಗ ಸಾಹೇಬ ಬಗ್ಗಿ ನೋಡಿ ಕೇಳಿದ: “ಈ ಹಗ್ಗಕ್ಕೆ ಸರ್ಟಿಫಿಕೇಟ್ ಇದೆಯಾ?”

“ಇಲ್ಲ ಸರ್. ಸರ್ಟಿಫಿಕೇಟ್ ಇದ್ದದ್ದು ಅಗೋ, ಮರಳಿನೊಳಗೆ ಉಂಟು.”