ಕಾಶವ್ವನ ಬಾಗಿಲ ಮುಂದಿನ ಹಾಸು

ಆಗೆಲ್ಲ ಬೇಸಿಗೆಯ ಸೂಟಿ ಬಿದ್ದರೆ ಬೀಳಗಿಯಿಂದ ನನ್ನನ್ನು ಬನಹಟ್ಟಿಯ ಚಿಗವ್ವನ ಮನೆಗೆ ಕಳಿಸುತ್ತಿದ್ದರು. ಅವಳದು ನೇಕಾರರ ಹಳೆಯ ಓಣಿ. ಅಜ್ಜನ ಅಜ್ಜಂದಿರು ಸಾಲಾಗಿ ಕಟ್ಟಿದ ಮನೆಗಳು. ಎರಡೆರಡು ಮನೆಗೆ ಒಂದೇ ಗೋಡೆ, ಮುಂದಿನ ಕಟ್ಟೆಗಳಿಗೆಲ್ಲ ಈ ತುದಿಯಿಂದ ಆ ತುದಿಯವರೆಗೆ ಒಂದೇ ಚಾವಣಿ. ಪಕ್ಕದವರು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ನಮಗೆ ಹಸಿವಾಗುತ್ತಿತ್ತು.

ಆ ವರ್ಷ ಚಿಗವ್ವನಿಗೂ ಪಕ್ಕದ ಕಾಶವ್ವನಿಗೂ ಮಾತಿರಲಿಲ್ಲ. ಚಿಗವ್ವ ನಡುಗೋಡೆಗೆ ಗೂಟ ಬಡಿದಾಗ ಆ ಕಡೆ ಕಾಶವ್ವನ ದೇವರ ಮಾಡಿನ ಗಿಲಾವು ಉದುರಿತ್ತು. ಇಷ್ಟೇ.

ಮಗ್ಗಕ್ಕೆ ಏರಿಸುವ ಮೊದಲು ಚಿಗವ್ವನ ಮನೆಯವರು ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದ ಎಳೆಗಳನ್ನು, ಓಣಿಯುದ್ದಕ್ಕೂ ಬಿಗಿದು, ಗಂಜಿ ಸವರಿ ಒಣಗಿಸುತ್ತಿದ್ದರು. ಅದು ಒಣಗುವವರೆಗೆ ಯಾರೂ ಮುಂಬಾಗಿಲಿನಿಂದ ದಾಟುವಂತಿಲ್ಲ. ಕಾಶವ್ವ ಹಿತ್ತಲಿನಿಂದ ಸುತ್ತಿ ಬರುತ್ತ, ನಮಗೆ ಕೇಳುವ ಹಾಗೆ, "ನಮ್ಮ ಮನಿ ನಮಗ ಪರದೇಸ ಆತು" ಎನ್ನುತ್ತಿದ್ದಳು.

ಒಂದು ಮುಂಜಾನೆ ಗಂಜಿ ಇನ್ನೂ ಹಸಿಯಿದ್ದಾಗಲೇ ಗಾಳಿ ಎದ್ದು ದಪ್ಪ ಹನಿ ಬಿದ್ದವು. ಚಿಗವ್ವನ ಗಂಡ, ನಮ್ಮ ಕಾಕಾ, ರಬಕವಿಗೆ ಹೋಗಿದ್ದ. ಹಾಸು ನೆನೆದು ಕೆಟ್ಟರೆ ಸಾವುಕಾರ ಮತ್ತೆ ನೂಲು ಕೊಡುತ್ತಿರಲಿಲ್ಲ, ಮಗ್ಗ ಖಾಲಿ ಕೂರುತ್ತಿತ್ತು. ಚಿಗವ್ವ ಕೂಗಿದ್ದೇ ತಡ, ಪ್ರತಿ ಮನೆಯವರೂ ಓಡಿಬಂದು ತಮ್ಮ ಬಾಗಿಲ ಮುಂದಿನ ನೂಲನ್ನು ಎತ್ತಿ ಹಿಡಿದರು. ಎಲ್ಲರೂ ಒಟ್ಟಿಗೆ ಸರಿದರೆ ಇಡೀ ಹಾಸು ಚಾವಣಿಯ ಕೆಳಗೆ ಬರುತ್ತಿತ್ತು. ಕಾಶವ್ವನ ಬಾಗಿಲು ಮಾತ್ರ ಮುಚ್ಚಿತ್ತು, ಅಲ್ಲಿ ನೂಲು ಜೋಲತೊಡಗಿತು.

"ಕಾಶವ್ವಾ, ಬಾರ ಬೇ!" ಚಿಗವ್ವ ತನ್ನ ಪಾಲಿನ ನೂಲು ಹಿಡಿದುಕೊಂಡೇ ಕೂಗಿದಳು.

ಬಾಗಿಲು ತೆರೆಯಿತು. "ಕೈ ಹಿಟ್ಟಾಗ್ಯಾವಲ್ಲಬೇ!"

"ಮೊಳಕೈ ಮ್ಯಾಲ ಹಿಡಿ!"

ಕಾಶವ್ವ ಜೋಳದ ಹಿಟ್ಟಿನ ಕೈಗಳನ್ನು ದೂರ ಚಾಚಿ, ತೋಳಿನ ಮೇಲೆ ನೂಲು ಹೊತ್ತಳು. ಹಾಸು ಒಳಬಂತು. ಮಳೆ ನಿಲ್ಲುವವರೆಗೆ ಕೆಳಗಿಡುವಂತಿಲ್ಲ, ಇಬ್ಬರೂ ಅಕ್ಕಪಕ್ಕ ನಿಂತೇ ಇದ್ದರು.

"ಗೂಟ ತಗೀತಿಯೋ ಇಲ್ಲೋ?"

"ತಗೀತೇನಿ ಮಾರಾಯ್ತಿ, ಮೊದಲ ಬಿಗಿ ಹಿಡಿ."

ಓಣಿಯೇ ನಕ್ಕಿತು. ಆ ಮಧ್ಯಾಹ್ನ ನಾನು ಕಾಶವ್ವನ ಮನೆಯಲ್ಲೇ ರೊಟ್ಟಿ, ಝುಣಕ ಉಂಡೆ.

ಹೋದ ವರ್ಷ ಮತ್ತೆ ಹೋಗಿದ್ದೆ. ಚಾವಣಿಯನ್ನು ಮನೆಮನೆಗೂ ಕತ್ತರಿಸಿ ಗೇಟು ಕೂರಿಸಿದ್ದಾರೆ. ಒಳಗೆಲ್ಲ ಪವರ್‌ಲೂಮು, ಗಂಜಿ ಹಾಕಿದ ನೂಲು ಕಾರ್ಖಾನೆಯಿಂದಲೇ ಬರುತ್ತದೆ. ಚಿಗವ್ವ, ಕಾಶವ್ವ ಇಬ್ಬರೂ ಈಗಿಲ್ಲ. ಅವರ ಸೊಸೆಯಂದಿರು ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿ ಮಾತು ಬಿಟ್ಟಿದ್ದಾರೆ. ಇಬ್ಬರೂ ಒಂದಾಗಿ ಎಂದು ಚಿಗವ್ವನ ಸೊಸೆಗೆ ಹೇಳಿದೆ. ಅವಳಿಗೆ ಸಿಟ್ಟೇನೂ ಇರಲಿಲ್ಲ.

"ಆಗಬಹುದ್ರಿ. ಆದ್ರ ಅವರ ಕಡೆ ನಮಗೇನ ಕೆಲಸ ಐತ್ರಿ?" ಎಂದಳು.

ಯೋಚಿಸಿ ನೋಡಿದೆ, ಒಂದೂ ಕೆಲಸ ನೆನಪಾಗಲಿಲ್ಲ.